ಗೀಟಿನ ಪಟೇಲರು, ಟೋಕನ್ನಿನ ಸರ್

"ಅಕ್ಕಾರ, ನೀವು ಇಬ್ಬರ ಕೈಕೆಳಗೂ ನೌಕರಿ ಮಾಡೀರಿ. ಖರೇ ಹೇಳ್ರಿ, ಯಾರು ಚಲೋ?"

ಹೈದರಾಬಾದಿನ ಕನ್ನಡದವರ ಮದುವೆಗೆ ಹೋಗಲಿ, ಬಸುರಿಯ ಕುಬುಸಕ್ಕೆ ಹೋಗಲಿ, ಈ ಪ್ರಶ್ನೆ ನನ್ನ ಎಲೆಗೆ ಉಪ್ಪಿಗಿಂತ ಮೊದಲು ಬೀಳುತ್ತದೆ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಹುಟ್ಟಿದವಳು ನಾನು. "ಸುಮ್ಮನ ಉಣ್ರೆಪಾ, ಬುಂದಿ ಆರತೈತಿ" ಎಂದು ಗದರಿ ಇಷ್ಟು ವರ್ಷ ದಾಟಿಸಿಕೊಂಡು ಬಂದೆ. ಆದರೆ ಈಗ ನನ್ನ ತಂಗಿಯ ಮಗಳು ವಿದ್ಯಾ ಒಬ್ಬ ಶಾಸಕರ ಕಚೇರಿಗೆ ಆಪ್ತ ಸಹಾಯಕಿಯಾಗಿ ಸೇರಿದ್ದಾಳೆ. ಮೊದಲ ವಾರವೇ ಫೋನು ಮಾಡಿ, "ದೊಡ್ಡವ್ವ, ಈ ಕೆಲಸದಾಗ ಮುಖ್ಯ ಏನು?" ಎಂದು ಕೇಳಿದಳು. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಅವಳಿಗೂ ಅವಳಂಥವರಿಗೂ ಇದನ್ನು ಬರೆಯುತ್ತಿದ್ದೇನೆ.

ನಾನು ಸುಶೀಲಾ, ಸರ್ಕಾರಿ ಸ್ಟೆನೋ. ತಂದೆ ಬೀದರ ಕಡೆಯವರು, ಇಲ್ಲಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಬಜಾರಿನಲ್ಲಿ ಉರ್ದು, ಮೇಜಿನ ಮೇಲೆ ಇಂಗ್ಲಿಷ್. ಊರಿನ ಪಶ್ಚಿಮಕ್ಕಿರುವ ಒಂದು ಕ್ಷೇತ್ರದ ಶಾಸಕರ ಕಚೇರಿಗೆ ಸರ್ಕಾರ ನನ್ನನ್ನು ಹಾಕಿತು. ನನ್ನ ನೌಕರಿಯ ಮುಖ್ಯ ಭಾಗವೆಲ್ಲ ಅಲ್ಲೇ, ಇಬ್ಬರು ಶಾಸಕರ ಕೈಕೆಳಗೆ ಕಳೆಯಿತು. ಹೆಸರು ಬರೆಯುವುದಿಲ್ಲ. ಮೊದಲನೆಯವರನ್ನು ಎಲ್ಲರೂ ಪಟೇಲ್ ಸಾಬ್ ಎನ್ನುತ್ತಿದ್ದರು. ಅವರನ್ನು ಸೋಲಿಸಿ ಬಂದ ಎರಡನೆಯವರನ್ನು ಬರೀ 'ಸರ್' ಎನ್ನುತ್ತಿದ್ದೆವು. ಅಷ್ಟೇ ಸಾಕು.

ನಾನು ಸೇರಿದಾಗ ಆ ಕ್ಷೇತ್ರದಲ್ಲಿ ಬಂಡೆ ಮತ್ತು ಸೀತಾಫಲದ ಗಿಡ ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಪಟೇಲ್ ಸಾಬರು ಬೆಳಗಿನ ಆರಕ್ಕೆ ಪಡಸಾಲೆಯ ನವಾರದ ಮಂಚದ ಮೇಲೆ ಕೂತುಬಿಡುತ್ತಿದ್ದರು. ಬಿಳಿ ಧೋತರ, ಬಾಯಲ್ಲಿ ಎಲೆ ಅಡಿಕೆ. ಬಂದವರ ಮುಖ ನೋಡಿದರೆ ಸಾಕು, ಅವರ ಮೂರು ತಲೆಮಾರು ನಾಲಿಗೆಯ ಮೇಲೆ. "ಏ ಯಲ್ಲಯ್ಯಾ, ಮಗಳ ಹೆರಿಗೆ ಆತೇನು? ಆ ಕುಂಟ ಎತ್ತು ಮಾರಿದಿಯೋ ಇಲ್ಲೋ?" ಯಲ್ಲಯ್ಯ ತಂದ ಅರ್ಜಿ ಏನೆಂಬುದು ಅವನಿಗೇ ಮರೆತುಹೋಗುತ್ತಿತ್ತು. ತಾಯಿಯ ಊರು ಬೀದರ ಹತ್ತಿರವಾದ್ದರಿಂದ ನನ್ನ ಜೊತೆ ಅವರದು ಉರ್ದು ಬೆರೆತ ಕನ್ನಡ. "ಸುಶೀಲಾ, ಬರ್ಕೋ" ಎಂದರೆ ನನ್ನ ಪೆನ್ಸಿಲು ಓಡಬೇಕು. ಒಂದೇ ಉಸಿರಿಗೆ ಆರು ಪತ್ರ ಹೇಳುತ್ತಿದ್ದರು. ನಾನು ಶೀಘ್ರಲಿಪಿಯಲ್ಲಿ ಬರೆದುಕೊಂಡು, ಟೈಪ್ ಮಾಡಿ, ಸಹಿಗೆ ಇಡುತ್ತಿದ್ದೆ.

ಆ ಮನೆಯಿಂದ ಯಾರೂ ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಕೇಳಿದವರಿಗೆಲ್ಲ ಸಿಫಾರಸು ಪತ್ರ! ಗುಟ್ಟು ಇದ್ದದ್ದು ಸಹಿಯ ಕೆಳಗೆ. ಸಹಿಯ ಕೆಳಗೆ ಎರಡು ಗೀಟು ಎಳೆದಿದ್ದರೆ, ಈ ಕೆಲಸ ಆಗಲೇಬೇಕು ಎಂದು ಅರ್ಥ. ಒಂದು ಗೀಟು ಎಂದರೆ, ಕಾಯಿದೆಯಲ್ಲಿ ಕೂತರೆ ಮಾಡಿ. ಗೀಟೇ ಇಲ್ಲದಿದ್ದರೆ, ಚಹಾ ಕುಡಿಸಿ ನಯವಾಗಿ ಕಳಿಸಿ. ತಹಶೀಲ್ದಾರರಿಂದ ಹಿಡಿದು ಆಸ್ಪತ್ರೆಯ ಗುಮಾಸ್ತರವರೆಗೆ ಎಲ್ಲರಿಗೂ ಇದು ಗೊತ್ತು. ಗೀಟಿಲ್ಲದ ಪತ್ರವನ್ನು ಕಚೇರಿಗಳಲ್ಲಿ, ಬಂದ ಕಾಗದ ದಾಖಲಿಸುವ ಆವಕ ಪುಸ್ತಕಕ್ಕೂ ಏರಿಸುತ್ತಿರಲಿಲ್ಲ. ಗೊತ್ತಿಲ್ಲದ್ದು ಪತ್ರ ಹೊತ್ತುಕೊಂಡು ಹೋಗುವವರಿಗೆ ಮಾತ್ರ. ಅದು ಆಗ ನನಗೆ ಭಾರಿ ಜಾಣತನವಾಗಿ ಕಂಡಿತ್ತು. ನನಗೂ ಗೊತ್ತಲ್ಲ ಎಂಬ ಜಂಬ ಬೇರೆ.

ನನ್ನ ಎಡವಟ್ಟುಗಳನ್ನೂ ಹೇಳಬೇಕು. ಒಂದೇ ದಿನ ಒಂದು ಮದುವೆಯ ಶುಭಾಶಯ, ಒಂದು ಸಾವಿನ ಸಾಂತ್ವನ ಎರಡನ್ನೂ ಟೈಪ್ ಮಾಡಿ ಲಕೋಟೆ ಅದಲುಬದಲು ಮಾಡಿದೆ. ಮದುವೆ ಮನೆಗೆ "ಈ ದುಃಖವನ್ನು ತಾಳುವ ಶಕ್ತಿಯನ್ನು ದೇವರು ನಿಮಗೆ ಕೊಡಲಿ" ಎಂದು ಹೋಯಿತು. ಸಾವಿನ ಮನೆಗೆ ಹೋದದ್ದನ್ನು ಬರೆಯಲೂ ನಾಚಿಕೆ. ನಾನು ಅಳುತ್ತ ನಿಂತಾಗ ಪಟೇಲ್ ಸಾಬರು ಹೊಟ್ಟೆ ಹಿಡಿದು ನಕ್ಕರು. "ಮದುವಿ ಮನಿಗೆ ಹೋಗಿದ್ದು ಇರಲಿ ಬಿಡು, ಗಂಡಿಗೆ ಮುಂದ ಕೆಲಸಕ್ಕ ಬರತೈತಿ" ಎಂದರು. ಆಮೇಲೆ ಸಾವಿನ ಮನೆಗೆ ತಾವೇ ಹೋಗಿ, "ನಾನೇ ತಪ್ಪು ಹೇಳಿ ಬರೆಸಿದೆ" ಎಂದು ಕೈಮುಗಿದು ಬಂದರು. ಇಂಥವರ ಕೈಕೆಳಗೆ ದುಡಿಯುವಾಗ ಹಗಲು ರಾತ್ರಿ ಎನ್ನಿಸುವುದಿಲ್ಲ. ಅವರ ದೋಷಗಳೂ ಕಾಣುವುದಿಲ್ಲ.

ಇನ್ನು ಬಸಮ್ಮನ ವಿಷಯ.

ಕ್ಷೇತ್ರದ ಅಂಚಿನಲ್ಲಿ ಒಂದು ಬಂಡೆಗುಡ್ಡವಿತ್ತು. ಯಾದಗಿರಿ, ಗುರುಮಠಕಲ್ ಕಡೆಯಿಂದ ಕಲ್ಲು ಒಡೆಯಲು ಬಂದವರು ಅದರ ಬೆನ್ನಿಗೆ ಗುಡಿಸಲು ಹಾಕಿಕೊಂಡು ವರ್ಷಗಟ್ಟಲೆ ಇದ್ದರು. ನಮ್ಮ ಕಚೇರಿಯಲ್ಲಿ ಅದಕ್ಕೆ ಬಂಡೆಗೇರಿ ಎಂದು ಹೆಸರು. ಅರವತ್ತೊಂದು ಮನೆ. ಅವರ ಮುಖಂಡತಿ ಬಸಮ್ಮ, ಆಗ ನಲವತ್ತರ ಆಸುಪಾಸಿನವಳು, ಹಣೆಗೆ ಬೆರಳಗಲ ಕುಂಕುಮ, ಅಂಗೈ ಚಪ್ಪಡಿ ಕಲ್ಲು. ಒಂದು ಬೆಳಗ್ಗೆ ಅವಳು ಪಡಸಾಲೆಗೆ ಬಂದು, "ಸಾಹೇಬ್ರ, ಗುಡಿಸಲ ಇರೋ ಜಾಗದ ಪಟ್ಟಾ ಕೊಡಸ್ರಿ. ಊರಾಗಿನ ಕಟ್ಟಡಕ್ಕೆಲ್ಲ ಕಲ್ಲು ನಾವ ಕೊಟ್ಟೀವಿ, ನಮಗ ಒಂದು ಗೋಡಿ ನಮ್ಮದು ಅನ್ನೋದು ಬ್ಯಾಡೇನ್ರಿ?" ಎಂದಳು. ಪಟ್ಟಾ ಎಂದರೆ ಜಾಗ ನಿಮ್ಮದು ಎಂದು ಸರ್ಕಾರ ಕೊಡುವ ಹಕ್ಕಿನ ಕಾಗದ.

ಪಟೇಲ್ ಸಾಬರು ಎಲೆ ಅಡಿಕೆ ಉಗುಳಿ ನೆಟ್ಟಗೆ ಕೂತರು. "ಬರ್ಕೋ ಸುಶೀಲಾ. ಒಂದೊಂದು ಮನಿ ಯಜಮಾನನ ಹೆಸರು ಬರ್ಕೋ." ಬಸಮ್ಮ ಹೇಳುತ್ತ ಹೋದಳು, ಪಟೇಲ್ ಸಾಬರು ನಡುನಡುವೆ "ಸಾಬಣ್ಣ ಅಂದ್ರ ಕಾಲು ಮುರಕೊಂಡಾವ ಅಲ್ಲೇನು?" ಎನ್ನುತ್ತ ತಿದ್ದುತ್ತ ಹೋದರು. ಅರವತ್ತೊಂದು ಹೆಸರು ನನ್ನ ಪುಸ್ತಕಕ್ಕೆ ಇಳಿದವು. ಪತ್ರ ಟೈಪ್ ಆಯಿತು. ಅವರು ಸಹಿ ಮಾಡಿ, ಪೆನ್ನು ಒತ್ತಿ ಎರಡು ಗೀಟು ಎಳೆದು, ವಿಧಾನಸಭೆಗೆ ಹೊರಟುಹೋದರು.

ಅವರು ಹೋದ ಮೇಲೆ ನೋಡುತ್ತೇನೆ, ಅಯ್ಯೋ ಶಿವನೇ! ಅರವತ್ತೊಂದು ಮನೆ ಎನ್ನುವಲ್ಲಿ ಹದಿನಾರು ಎಂದು ಹೊಡೆದಿದ್ದೇನೆ. ಪತ್ರ ಹಾಗೇ ಹೋದರೆ ನಲವತ್ತೈದು ಮನೆ ಹೊರಗುಳಿಯುತ್ತವೆ. ಬಸಮ್ಮನಿಗೆ ನಾಳೆ ಬಾ ಎನ್ನಬಹುದಿತ್ತು. ಆದರೆ ನನ್ನ ಮೇಜಿನಿಂದ ಯಾರೂ "ನಾಳೆ ಬಾ" ಅನ್ನಿಸಿಕೊಂಡು ಹೋಗಬಾರದು ಎಂಬುದು ನನ್ನ ಹೆಮ್ಮೆ. ಪಟೇಲ್ ಸಾಬರು ತುರ್ತಿಗೆಂದು ಸಹಿ ಮಾಡಿಟ್ಟ ಖಾಲಿ ಹಾಳೆಗಳು ನನ್ನ ಡ್ರಾವರಿನಲ್ಲಿ ಇರುತ್ತಿದ್ದವು. ಎರಡನ್ನು ತೆಗೆದು, ನಡುವೆ ಕಾರ್ಬನ್ ಇಟ್ಟು, ಸರಿಯಾಗಿ ಟೈಪ್ ಮಾಡಿದೆ. ಹಳೆಯದನ್ನು ಹರಿದು ಬುಟ್ಟಿಗೆ ಹಾಕಿದೆ. ಹೊಸದರ ಒಂದು ಪ್ರತಿಯನ್ನೂ ಕೊಟ್ಟು, "ತಹಶೀಲಿಗೆ ಒಯ್ಯವ್ವ, ಇನ್ನು ನಿನ್ನ ಕೆಲಸ ಆದಂಗ" ಎಂದು ಬೆನ್ನು ತಟ್ಟಿ ಕಳಿಸಿದೆ. ಖಾಲಿ ಹಾಳೆಯ ಸಹಿಗೆ ಗೀಟು ಇರುವುದಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ತಹಶೀಲಿನಲ್ಲಿ ಬಸಮ್ಮನಿಗೆ ಚಹಾ ಕೊಟ್ಟರು. ಮತ್ತೆ ಹೋದಾಗ ಮತ್ತೆ ಚಹಾ ಕೊಟ್ಟರು. ಅಷ್ಟು ದೊಡ್ಡ ಕಚೇರಿಯಲ್ಲಿ ತನಗೆ ಕುರ್ಚಿ ಹಾಕಿ ಚಹಾ ಕೊಟ್ಟರಲ್ಲ ಎಂದು ಅವಳು ಮೊದಲು ಹಿಗ್ಗಿದ್ದಳಂತೆ. ಆಮೇಲೆ ನಮ್ಮ ಪಡಸಾಲೆಗೆ ಅವಳು ಮತ್ತೆ ಕಾಲಿಡಲಿಲ್ಲ.

ಚುನಾವಣೆ ಬಂತು. ಅಷ್ಟರಲ್ಲಿ ನಮ್ಮ ಬಂಡೆಗಳ ನಡುವೆ ಗಾಜಿನ ಕಟ್ಟಡಗಳು ಎದ್ದಿದ್ದವು, ದಿನಕ್ಕೊಂದು ಹೊಸ ಬೋರ್ಡು. ಪಟೇಲ್ ಸಾಬರ ಧೋತರ ಜನರ ಕಣ್ಣಿಗೆ ಹಳೆಯದಾಗಿತ್ತು. ಅವರು ಬಂಡೆಗೇರಿಗೆ ಮತ ಕೇಳಲು ಹೋದಾಗ ಒಬ್ಬರೂ ಹೊರಗೆ ಬರಲಿಲ್ಲವಂತೆ. ತೀರ ಕಡಿಮೆ ಅಂತರದಲ್ಲಿ ಸೋತರು. ಫಲಿತಾಂಶದ ಮಾರನೆಯ ದಿನ ನನ್ನ ಟೈಪ್‌ರೈಟರಿಗೆ ಹೊದಿಕೆ ಹಾಕಿ ಮನೆಗೆ ಬಂದು, ನಮ್ಮವರು ಸತ್ತಂತೆ ಅತ್ತೆ.

ಹೊಸ ಶಾಸಕರು ಇಂಜಿನಿಯರಿಂಗ್ ಓದಿದವರು, ವಯಸ್ಸು ಇನ್ನೂ ನಲವತ್ತಾಗಿರಲಿಲ್ಲ. ನನ್ನನ್ನು ಕಿತ್ತು ಎಸೆಯುತ್ತಾರೆ ಎಂದುಕೊಂಡಿದ್ದೆ. ಕರೆಸಿ, "ಸುಶೀಲಮ್ಮಗಾರು, ಇಲ್ಲೇ ಇರಿ, ಕ್ಷೇತ್ರ ನಿಮಗೆ ಗೊತ್ತು" ಎಂದರು. ಅವರ ಮಾತೆಲ್ಲ ತೆಲುಗು; ಇಲ್ಲಿ ಕನ್ನಡಿಸಿ ಬರೆಯುತ್ತಿದ್ದೇನೆ. ಆಮೇಲೆ ಕೇಳಿದರು: "ಎಲ್ಲರೂ ಗೀಟು ಗೀಟು ಎನ್ನುತ್ತಾರಲ್ಲ, ಏನದು?" ನಾನು ಜಂಬದಿಂದಲೇ ವಿವರಿಸಿದೆ. ಅವರು ನಗಲಿಲ್ಲ.

"ಗೀಟಿಲ್ಲದ ಕಾಗದ ಒಯ್ದವರಿಗೆ ಅದು ಗೊತ್ತಿತ್ತೇ?"

"ಇಲ್ಲ ಸರ್."

"ಹಾಗಾದರೆ ಇಷ್ಟು ವರ್ಷ ನೀವು ಜನರಿಗೆ ಸುಳ್ಳು ಟೈಪ್ ಮಾಡಿ ಕೊಟ್ಟಿರಿ."

ಮೈ ಉರಿದುಹೋಯಿತು. ನಿನ್ನೆ ಮೊನ್ನೆ ಬಂದ ಹುಡುಗ, ಪಟೇಲ್ ಸಾಬರ ಉಗುರಿಗೆ ಸಮ ಇಲ್ಲ ಎಂದು ದಾರಿಯುದ್ದಕ್ಕೂ ಬೈದುಕೊಂಡು ಮನೆಗೆ ಹೋದೆ. ಬೈಯಲು ಅಷ್ಟು ಹೊತ್ತು ಬೇಕಾಗಿದ್ದು ಅವರ ಮಾತು ಖರೆ ಇದ್ದದ್ದಕ್ಕೇ ಎಂದು ಈಗ ಒಪ್ಪುತ್ತೇನೆ.

ಸರ್ ಮೊದಲ ತಿಂಗಳೇ ನನ್ನನ್ನು ಕಂಪ್ಯೂಟರ್ ಕಲಿಯಲು ಅಮೀರ್‌ಪೇಟೆಗೆ ಅಟ್ಟಿದರು. ನಲವತ್ತೆಂಟು ವರ್ಷದ ನಾನು, ಸುತ್ತ ಹಾಸ್ಟೆಲಿನ ಹುಡುಗ ಹುಡುಗಿಯರು. ಎಲ್ಲರಿಗೂ ನಾನು 'ಆಂಟಿ'. ಟೈಪ್‌ರೈಟರಿನ ಅಭ್ಯಾಸ ಹೋಗಬೇಕಲ್ಲ! ಒಂದು ಸಾಲು ಮುಗಿದ ಕೂಡಲೇ, ಹಾಳೆ ಹಿಡಿದಿರುವ ಗಾಡಿಯನ್ನು ತಳ್ಳಲೆಂದು ನನ್ನ ಎಡಗೈ ತಾನಾಗಿ ಹಾರುತ್ತಿತ್ತು, ಪಕ್ಕದ ಹುಡುಗಿಯ ಭುಜಕ್ಕೆ ಫಟ್ ಎಂದು ಬೀಳುತ್ತಿತ್ತು. ಮೂರನೆಯ ದಿನ ಅವಳು ಜಾಗ ಬದಲಿಸಿದಳು. ಆದರೂ ತರಗತಿಯಲ್ಲಿ ಎಲ್ಲರಿಗಿಂತ ವೇಗ ನನ್ನದೇ. ಕೊನೆಯ ದಿನ ಆ ಮಕ್ಕಳು ಚಪ್ಪಾಳೆ ಹೊಡೆದಾಗ ನನಗಾದ ಸಂತೋಷ ಯಾವ ಬಡ್ತಿಯಲ್ಲೂ ಆಗಿಲ್ಲ.

ಸರ್ ಅವರ ಪದ್ಧತಿ ಬೇರೆಯೇ. ಮಂಚ ಹೋಗಿ ಸಾಲು ಕುರ್ಚಿ ಬಂದವು. ಬಂದವರಿಗೆ ಟೋಕನ್, ಅರ್ಜಿಗೆ ನಂಬರು, ಆಗುತ್ತದೋ ಇಲ್ಲವೋ ಎಂದು ಗೊತ್ತಾದ ದಿನ ಕಾಗದ. ಆಗದಿದ್ದರೆ ಕಡ್ಡಿ ಮುರಿದಂತೆ "ಆಗುವುದಿಲ್ಲ". ಸಿಫಾರಸು ಕೇಳಿ ಬಂದ ತಮ್ಮ ಮಾವನನ್ನೇ ಟೋಕನ್ ತಗೊಳ್ಳಿ ಎಂದು ಕೂರಿಸಿದವರು. ಆದರೆ ಒಬ್ಬರ ಮುಖವೂ ಅವರಿಗೆ ನೆನಪಿರುತ್ತಿರಲಿಲ್ಲ. ಗಂಡ ಸತ್ತು ಪಿಂಚಣಿಗೆ ಅಲೆಯುತ್ತಿದ್ದ ಮುದುಕಿಯೊಬ್ಬಳು ಬಿಕ್ಕಿ ಅಳುವಾಗ, "ನಿಮ್ಮ ನಂಬರ್ ಎಷ್ಟಮ್ಮ?" ಎಂದರು. ನಾನು ಎದ್ದು ಹೋಗಿ ಅವಳ ಕೈಹಿಡಿದು ಕೂರಿಸಿದೆ. ಪಿಂಚಣಿ ಮಾತ್ರ ಹೇಳಿದ ದಿನವೇ ಅವಳ ಕೈಸೇರಿತು. ಪಟೇಲ್ ಸಾಬರ ಕಾಲದಲ್ಲಿ ಅದೇ ಮುದುಕಿ ಐದು ಪತ್ರ ಒಯ್ದಿದ್ದಳು.

ಹೀಗಿರುವಾಗ ಗಾಜಿನ ಕಟ್ಟಡಗಳಿಗೆ ಅಗಲವಾದ ರಸ್ತೆ ಮಂಜೂರಾಯಿತು. ಅದರ ನಕಾಶೆ ಬಂಡೆಗೇರಿಯ ಅಂಚನ್ನು ಕೊಯ್ದುಕೊಂಡು ಹೋಗುತ್ತಿತ್ತು. ಆದೇಶ ಹೀಗಿತ್ತು: ರಸ್ತೆಯ ನೋಟೀಸಿಗೆ ಮುಂಚೆ ಅರ್ಜಿ ಕೊಟ್ಟವರಿಗೆ ಅದೇ ಗುಡ್ಡದ ಉಳಿದ ಜಾಗದಲ್ಲಿ ಪಟ್ಟಾ, ಅರ್ಜಿ ಇಲ್ಲದವರು ಒತ್ತುವರಿದಾರರು, ಅವರನ್ನು ಊರ ಹೊರಗೆ, ಶಂಶಾಬಾದಿನ ಆಚೆಗೆ ಕಳಿಸುವುದು. ಬಂಡೆಗೇರಿಯ ಹೆಂಗಸರು ಆಗ ಅದೇ ಕಟ್ಟಡಗಳಲ್ಲಿ ಕಸ ಹೊಡೆಯುವ, ಗಾಜು ಒರೆಸುವ ಕೆಲಸದಲ್ಲಿದ್ದರು. ಶಂಶಾಬಾದಿನ ಆಚೆ ಹೋದರೆ ಮನೆಯ ಜೊತೆ ಕೂಲಿಯೂ ಹೋದಂತೆ.

ಬಸಮ್ಮ ಟೋಕನ್ ಹಿಡಿದು ಬಂದಳು. ಸರ್ ಕಂಪ್ಯೂಟರಿನಲ್ಲಿ ಹುಡುಕಿಸಿದರು, ತಹಶೀಲಿಗೆ ಫೋನು ಮಾಡಿಸಿದರು. ಎಲ್ಲೂ ದಾಖಲೆ ಇಲ್ಲ. ಬಸಮ್ಮ ಸೆರಗಿನಿಂದ ಪ್ಲಾಸ್ಟಿಕ್ ಚೀಲ ತೆಗೆದು, ಅದರೊಳಗಿನಿಂದ ನಾನು ಕೊಟ್ಟಿದ್ದ ಪ್ರತಿಯನ್ನು ತೆಗೆದು ನನ್ನ ಮೇಜಿನ ಮೇಲೆ ಇಟ್ಟಳು. "ಬಾಯಾರ, ಇದು ನೀವ ಕೊಟ್ಟಿದ್ದಲ್ಲೇನ್ರಿ? ಆ ಪಟೇಲ ಮೋಸ ಮಾಡಿದ. ಅದಕ್ಕ ನಾವೆಲ್ಲ ಕೂಡಿ ಅವನ್ನ ಕೆಡವಿದಿವಿ."

ಸಹಿ ನೋಡಿದೆ. ಕೆಳಗೆ ಗೀಟಿಲ್ಲ. ಹರಿದು ಬುಟ್ಟಿಗೆ ಹಾಕಿದ ಹಾಳೆ, ಡ್ರಾವರಿನ ಖಾಲಿ ಹಾಳೆ, ಎಲ್ಲ ಒಮ್ಮೆಲೇ ಕಣ್ಣಿಗೆ ಕಟ್ಟಿತು. ಪಟೇಲ್ ಸಾಬರು ಮೋಸ ಮಾಡಿರಲಿಲ್ಲ. ಮಾಡಿದ್ದು ನಾನು. ಅರವತ್ತೊಂದು ಮನೆಯ ಪಟ್ಟಾ, ಒಬ್ಬ ದೊಡ್ಡ ಮನುಷ್ಯನ ಕುರ್ಚಿ ಎರಡನ್ನೂ ನನ್ನ ಅವಸರ ನುಂಗಿತ್ತು.

"ಪತ್ರ ಇಲ್ಲಿರಲಿ, ನಾಳೆ ಬಾ" ಎಂದೆ. ನನ್ನ ಸರ್ವೀಸಿನಲ್ಲಿ ಆ ಮಾತು ಹೇಳಿದ್ದು ಅದೇ ಮೊದಲು.

ಈಗ ವಿದ್ಯಾ, ಚೆನ್ನಾಗಿ ಕೇಳು. ಆ ಮಧ್ಯಾಹ್ನ ನಾನು ಪೆನ್ನಿನ ಮುಚ್ಚಳ ತೆಗೆದೆ. ಪಟೇಲ್ ಸಾಬರ ಗೀಟು ನನಗೆ ಬಾರದ್ದೇನಲ್ಲ. ಎರಡು ಎಳೆದುಬಿಟ್ಟರೆ ತಪ್ಪೆಲ್ಲ ತಹಶೀಲಿನ ತಲೆಗೆ, ಮುಗಿಯಿತು. ಕೈ ಹಾಳೆಯ ಮೇಲೆ ಹೋಗಿತ್ತು. ಆದರೆ ಸುಳ್ಳು ಟೈಪ್ ಮಾಡಿ ಕೊಟ್ಟಿರಿ ಎಂದಿದ್ದರಲ್ಲ ಸರ್, ಆ ಮಾತು ಕಿವಿಯಲ್ಲಿ ಗುಂಯ್ ಎಂದಿತು. ಮುಚ್ಚಳ ಹಾಕಿ, ರಜೆ ಚೀಟಿ ಬರೆದು, ಬೇಗಂಪೇಟೆ ವಿಮಾನ ನಿಲ್ದಾಣದ ಪಕ್ಕದಲ್ಲಿದ್ದ ಪಟೇಲ್ ಸಾಬರ ಮನೆಗೆ ಆಟೋ ಹಿಡಿದೆ.

ಅವರು ಮೈ ಇಳಿದು ಅರ್ಧವಾಗಿದ್ದರು. ತಲೆಯ ಮೇಲೆ ವಿಮಾನ ಹೋದಾಗೆಲ್ಲ ಮಾತು ನಿಲ್ಲಿಸಬೇಕಿತ್ತು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಅವರ ಕಾಲು ಹಿಡಿದೆ.

"ಏಳು ಏಳು. ನನಗ ಗೊತ್ತಿತ್ತು" ಎಂದರು.

"ಏನು ಗೊತ್ತಿತ್ತು?"

"ಸೋತ ಮ್ಯಾಲೆ ತಹಶೀಲ್ದಾರ ಬಂದು ಹೇಳಿದ, ಗೀಟಿಲ್ಲದ ಪತ್ರ ಬಂದಿತ್ತು ಅಂತ. ಖಾಲಿ ಹಾಳಿ ಯಾರ ಡ್ರಾವರನ್ಯಾಗ ಇರ್ತಿತ್ತು, ಹೇಳು? ನಾ ಬಾಯಿ ಬಿಟ್ಟಿದ್ರ ನಿನ್ನ ನೌಕರಿಗೆ ಕುತ್ತು. ನಾ ಸೋತಿದ್ದೆ, ನೀನ್ಯಾಕ ಸೋಲಬೇಕು?"

ಕಣ್ಣಲ್ಲಿ ನೀರು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು, ಮುಚ್ಚಿಡುವುದಿಲ್ಲ. "ಸಾಬ್, ನನ್ನ ನೌಕರಿ ಉಳಸಾಕ ಅರವತ್ತೊಂದು ಮನಿ ಬಿಟ್ರೇನ್ರಿ? ಆವತ್ತ ಹೇಳಿದ್ರ ಆವತ್ತ ಸರಿ ಮಾಡ್ತಿದ್ದೆ!" ಎಂದು ಕೂಗಿಬಿಟ್ಟೆ. ಅವರ ಎದುರು ಅದುವರೆಗೆ ದನಿ ಎತ್ತಿದವಳಲ್ಲ. ಪಟೇಲ್ ಸಾಬರು ಎಲೆ ಅಡಿಕೆಯ ತಟ್ಟೆಯನ್ನು ಬದಿಗೆ ಸರಿಸಿದರು. "ಅಷ್ಟು ದೂರ ಖಯಾಲ್ ಹೋಗಲಿಲ್ಲ ನನಗ. ನನ್ನ ಕಣ್ಣ ಮುಂದಿದ್ದಾಕಿ ನೀನು ಒಬ್ಬಾಕಿನ" ಎಂದರು. ಆಮೇಲೆ, "ನಾಳೆ ನಿಮ್ಮ ಆಫೀಸಿಗೆ ಬರ್ತೀನಿ" ಎಂದರು.

ಮಾರನೆಯ ದಿನ ಪಟೇಲ್ ಸಾಬರು ಕೋಲೂರಿಕೊಂಡು ಬಂದು, ಎಲ್ಲರಂತೆ ಟೋಕನ್ ತೆಗೆದುಕೊಂಡು, ಸಾಲು ಕುರ್ಚಿಯಲ್ಲಿ ಕೂತರು. ಕಚೇರಿಯಲ್ಲಿ ಗಡಿಬಿಡಿಯೋ ಗಡಿಬಿಡಿ. ಸರ್ ತಾವೇ ಹೊರಗೆ ಬಂದು ಕೈಮುಗಿದು, "ದೊಡ್ಡವರು, ಒಳಗೆ ಬನ್ನಿ" ಎಂದರು. "ನಂಬರ್ ಬರಲಿ. ನಿನ್ನ ಕಾಯಿದೆ ನೀನೇ ಮುರಿದರೆ ಹೇಗಪ್ಪ?" ಎಂದು ಪಟೇಲ್ ಸಾಬರು ತೆಲುಗಿನಲ್ಲಿ ಹೇಳಿದರು. ಸರ್ ಅವರ ಮುಖ ಕೆಂಪಾಯಿತು. ಒಳಗೆ ಹೋಗಿ ಒಂದೊಂದೇ ನಂಬರ್ ಕರೆದರು. ಒಂದು ಗಂಟೆಗೂ ಮೇಲೆ ಕಾಯಬೇಕಾಯಿತು. ಅಷ್ಟರಲ್ಲಿ ಅಕ್ಕಪಕ್ಕದವರೆಲ್ಲ ಪಟೇಲ್ ಸಾಬರನ್ನು ಮುತ್ತಿಕೊಂಡು ಕಷ್ಟ ಹೇಳಿಕೊಂಡಿದ್ದರು. ತಮ್ಮ ನಂಬರ್ ಬಂದಾಗ ಅವರು ಒಳಗೆ ಹೋದದ್ದು ತಮ್ಮದಲ್ಲದ ಮೂರು ಅರ್ಜಿ ಹಿಡಿದುಕೊಂಡು.

"ಪತ್ರ ನಾನು ಕೊಟ್ಟಿದ್ದು ನಿಜ. ಆ ಜನ ಅಲ್ಲಿ ಇದ್ದದ್ದು ನಿಜ" ಎಂದರು ಪಟೇಲ್ ಸಾಬರು.

ಸರ್ ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು. "ನಿಮ್ಮ ಮಾತು ನಾನು ನಂಬುತ್ತೇನೆ. ಕಲೆಕ್ಟರ್ ನಂಬುವುದಿಲ್ಲ. ನಿಮ್ಮ ಖಾಲಿ ಸಹಿಯ ಹಾಳೆಗಳ ವಿಷಯ ಊರಿಗೆಲ್ಲ ಗೊತ್ತು. ಇದನ್ನು ನಿನ್ನೆ ಟೈಪ್ ಮಾಡಿ ಹಳೆಯ ತಾರೀಖು ಹಾಕಿದ್ದಾರೆ ಎನ್ನುತ್ತಾರೆ."

ಆಗ ನಾನು ಬಾಯಿ ಬಿಟ್ಟೆ. "ಸರ್, ಆ ದಿನದ ಶಾರ್ಟ್‌ಹ್ಯಾಂಡ್ ಪುಸ್ತಕ ಇದೆ." ಸ್ಟೆನೋಗಳು ತುಂಬಿದ ಪುಸ್ತಕವನ್ನು ರದ್ದಿಗೆ ಹಾಕುತ್ತಾರೆ. ನಾನು ಹಾಕಿದವಳಲ್ಲ, ಪುಸ್ತಕ ಬಿಸಾಡಿದರೆ ವಿದ್ಯೆ ಹೋಗುತ್ತದೆ ಎಂದು ನಮ್ಮವ್ವ ಹೇಳಿದ್ದಕ್ಕೆ ಟ್ರಂಕಿನಲ್ಲಿ ಪೇರಿಸಿಟ್ಟಿದ್ದೆ. ಬೆಳಿಗ್ಗೆ ಚೀಲದಲ್ಲಿ ತಂದಿದ್ದನ್ನು ಬಿಡಿಸಿದೆ; ಆ ದಿನದ ಪುಟಗಳಲ್ಲಿ ಆರು ಪತ್ರಗಳಿದ್ದವು. ಫೋನು ಮಾಡಿಸಿ ಕೇಳಿದರೆ, ಗೀಟು ಬಿದ್ದಿದ್ದ ಉಳಿದ ಐದು ಪತ್ರ ಬೇರೆ ಬೇರೆ ಕಚೇರಿಗಳ ಆವಕ ಪುಸ್ತಕದಲ್ಲಿ ಅದೇ ತಾರೀಖಿಗೆ ಏರಿದ್ದವು. ನನ್ನ ಪುಟಗಳಲ್ಲಿ ಅವುಗಳ ನಡುವೆಯೇ ಬಂಡೆಗೇರಿಯ ಪತ್ರ.

ಸರ್ ಅವರ ಕಣ್ಣು ಅರಳಿದವು. ಆದರೆ ಆಮೇಲೆ ಹೇಳಿದ್ದನ್ನು ನಾನು ಮರೆಯುವಂತಿಲ್ಲ. "ಪುಸ್ತಕ ಒಂದೇ ಸಾಲದು. ಪತ್ರ ಹೀಗೇಕಾಯಿತು ಎಂದು ಬರೆದು ಕೊಡಬೇಕು. ತಪ್ಪು ಯಾರದೆಂದು ಹೆಸರು ಹಾಕಬೇಕು. ಹೆಸರಿಲ್ಲದ ತಪ್ಪನ್ನು ಯಾರೂ ನಂಬುವುದಿಲ್ಲ, ಸುಶೀಲಮ್ಮಗಾರು. ನಿಮ್ಮ ಮೇಲೆ ಕ್ರಮ ಆಗುತ್ತದೆ. ತಡೆಯುತ್ತೇನೆ ಎಂದು ಸುಳ್ಳು ಹೇಳಲಾರೆ."

"ಆಕಿ ಹೆಸರು ಬ್ಯಾಡ, ನಂದು ಬರ್ಕೋ!" ಎಂದು ಪಟೇಲ್ ಸಾಬರು ಕೋಲು ಕುಟ್ಟಿದರು. ನಾನು ಅಲ್ಲಿಂದ ಎದ್ದು, ನನ್ನ ಮೇಜಿಗೆ ಹೋಗಿ, ಕಂಪ್ಯೂಟರಿನ ಮುಂದೆ ಕೂತು, ನಡೆದದ್ದನ್ನು ನಡೆದಂತೆ ಹೊಡೆದೆ. ಕೆಳಗೆ ನನ್ನ ಪೂರ್ತಿ ಹೆಸರು, ಹುದ್ದೆ. ಆ ಒಂದು ಪುಟದಲ್ಲಿ ಒಂದೂ ತಪ್ಪಿಲ್ಲ.

ಕಲೆಕ್ಟರರ ವಿಚಾರಣೆಯ ದಿನ ಬಂಡೆಗೇರಿಗೆ ಬಂಡೆಗೇರಿಯೇ ಬಂದು ಕಾರಿಡಾರಿನಲ್ಲಿ ಕೂತಿತ್ತು. ಕಲೆಕ್ಟರರು ನನ್ನ ಪುಸ್ತಕದ ಗೆರೆ ಚುಕ್ಕಿಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು. "ಇದನ್ನು ನೀವು ಓದುವುದು ಬೇಡ. ನೀವು ಏನನ್ನಾದರೂ ಓದಬಹುದು" ಎಂದು ತಮ್ಮ ಸ್ಟೆನೋನನ್ನು ಕರೆಸಿದರು. ನನಗೆ ಗುರುತಿಲ್ಲದ ಮನುಷ್ಯ, ದಪ್ಪ ಕನ್ನಡಕ. ಇನ್ನೊಬ್ಬರ ಶಾರ್ಟ್‌ಹ್ಯಾಂಡ್ ಓದುವುದು ಎಷ್ಟು ಕಷ್ಟವೆಂದು ಸ್ಟೆನೋಗಳಿಗೇ ಗೊತ್ತು. ಅದರಲ್ಲೂ ಹೆಸರುಗಳು! ಆತ ಪುಟ ಹಿಡಿದು ತಡವರಿಸಿದ.

"ಬಸಮ್ಮ..." ಎಂದ ಆತ.

"ಇದ್ದೀನ್ರಿ!" ಕಾರಿಡಾರಿನಿಂದ ಬಸಮ್ಮ ಕೂಗಿದಳು.

"ಸಾಬಣ್ಣ."

"ಅದೀನ್ರಿ!" ಕುಂಟುಗಾಲಿನ ಸಾಬಣ್ಣ ಬಾಗಿಲಿಗೆ ಬಂದು ನಿಂತ.

"ಹಣಮಂತ. ದೊಡ್ಡ ಮರೆಪ್ಪ. ಸಣ್ಣ ಮರೆಪ್ಪ." ಹೂಂಗುಟ್ಟುವ ದನಿಗಳು ಒಂದಾದ ಮೇಲೊಂದು ಬಂದವು. ಆ ಪುಣ್ಯಾತ್ಮನ ನಾಲಿಗೆಯೂ ಬರಬರುತ್ತ ಸಡಿಲವಾಯಿತು. "ಮಲ್ಲಪ್ಪ" ಎಂದಾಗ ಮಾತ್ರ ಯಾರೂ ಮಾತಾಡಲಿಲ್ಲ. ಆತ ಇನ್ನೊಮ್ಮೆ ಕರೆದ. ಒಬ್ಬ ಹೆಂಗಸು ಎದ್ದು ನಿಂತು, "ಅವರು ಕಲ್ಲು ಬಿದ್ದು ಹ್ವಾದರ್ರಿ. ನಾ ಅದೀನ್ರಿ" ಎಂದಳು. ಕಲೆಕ್ಟರರು ತಮ್ಮ ಪೆನ್ನು ಕೆಳಗಿಟ್ಟರು. ಅರವತ್ತೊಂದನೆಯ ಹೆಸರು ಮುಗಿದಾಗ ನನ್ನ ಬರಹವನ್ನೂ ಆ ಐದು ದಾಖಲೆಗಳನ್ನೂ ಇನ್ನೊಮ್ಮೆ ನೋಡಿ, ಅರ್ಜಿಯನ್ನು ಹಳೆಯ ತಾರೀಖಿಗೇ ಹಿಡಿಯಬೇಕು ಎಂದು ಅಲ್ಲೇ ಹೇಳಿ ಬರೆಸಿದರು. ಬರೆದುಕೊಂಡವನು ಅದೇ ಸ್ಟೆನೋ. ಹೊರಗೆ ಹೋಗುವಾಗ ಆತ ನನ್ನ ಹತ್ತಿರ ಬಂದು, "ಅಮ್ಮಾ, ನಿಮ್ಮ ಕೈ ಮುತ್ತಿನಂಥದು" ಎಂದ. ಆಹಾ, ಅಷ್ಟು ವರ್ಷದ ನೌಕರಿಗೆ ಅದಕ್ಕಿಂತ ದೊಡ್ಡ ಬಹುಮಾನ ಬೇಕೆ?

ನನಗೆ ಮೆಮೊ ಬಂತು. ಸರ್ ಹೇಳಿದಂತೆಯೇ ಆಯಿತು. ಅದನ್ನು ತಂದು ಕೊಟ್ಟವರೂ ಅವರೇ, ಎದ್ದು ನಿಂತು ಕೊಟ್ಟರು. ಬಡ್ತಿ ತಪ್ಪಿತು. ಅದರ ಸುದ್ದಿ ಇಲ್ಲಿ ಬೇಡ.

ಪಟೇಲ್ ಸಾಬರು ನನ್ನನ್ನು ಮುಚ್ಚಿಟ್ಟು ಕಾಪಾಡಿದರು. ಅದರಿಂದ ಬಂಡೆಗೇರಿ ಬೀದಿಗೆ ಬರುವುದರಲ್ಲಿತ್ತು. ಸರ್ ನನ್ನನ್ನು ಬಯಲಿಗೆ ಎಳೆದರು, ಬಂಡೆಗೇರಿ ಉಳಿಯಿತು. ಆದರೆ ಆ ಅರವತ್ತೊಂದು ಹೆಸರನ್ನು ಒಂದೊಂದಾಗಿ ಕೇಳಿ ಬರೆಸಿದ್ದು ಯಾರು? ನಂಬರ್ ಕೇಳುವವರ ಬಾಯಿಂದ ಆ ಹೆಸರುಗಳು ಬರುತ್ತಿರಲಿಲ್ಲ. ಒಬ್ಬರಿಗೆ ಜನ ಗೊತ್ತಿತ್ತು, ಇನ್ನೊಬ್ಬರಿಗೆ ನ್ಯಾಯ ಗೊತ್ತಿತ್ತು. ಇಬ್ಬರ ಕೆಲಸವೂ ಅರ್ಧರ್ಧ. ಊಟದ ಪಂಕ್ತಿಯಲ್ಲಿ ಇಷ್ಟೆಲ್ಲ ಹೇಳುವುದು ಹೇಗೆ, ಹೇಳಿ?

ಪಟ್ಟಾ ಹಂಚುವ ದಿನ ಗುಡ್ಡದ ಮೇಲೆ ಶಾಮಿಯಾನ, ಹಲಗೆಯ ಬಡಿತ, ಹಣೆಗೆ ಭಂಡಾರ. ಸರ್ ಹಟ ಹಿಡಿದು ಪಟೇಲ್ ಸಾಬರನ್ನು ವೇದಿಕೆಗೆ ಕರೆಸಿದ್ದರು. ನಾನೇ ಮೈಕಿನಲ್ಲಿ ಹೆಸರು ಕೂಗಿದೆ, ಜನ ಹತ್ತಿ ಬಂದು ಇಬ್ಬರ ಕೈಯಿಂದಲೂ ಪಟ್ಟಾ ತೆಗೆದುಕೊಂಡರು. ಕೊನೆಯಲ್ಲಿ ನಾನು, "ಪತ್ರ ಕೆಡಿಸಿದಾಕಿ ನಾನು, ಪಟೇಲ್ ಸಾಬರದು ಏನೂ ತಪ್ಪಿಲ್ಲ" ಎಂದು ಎಲ್ಲರೆದುರು ಹೇಳಿದೆ. ಹಲಗೆ ನಿಂತುಬಿಟ್ಟಿತು.

ಬಸಮ್ಮ ವೇದಿಕೆ ಹತ್ತಿ ಬಂದಳು. "ಬಾಯಾರ, ನೀವು ಬರೆದು ಕೊಡದಿದ್ರ ಇವತ್ತ ಇದು ಇರ್ತಿರಲಿಲ್ಲ, ಹೋಗ್ಲಿ ಬಿಡ್ರಿ" ಎಂದು ನನ್ನ ಗಲ್ಲ ಸವರಿ, ಪಟೇಲ್ ಸಾಬರ ಮುಂದೆ ಹೋಗಿ ನಿಂತಳು. ಕಣ್ಣು ತುಂಬಿದ್ದವು. "ತಪ್ಪಾತ್ರಿ ಸಾಹೇಬ್ರ. ನಿಮ್ಮದಲ್ಲದ ತಪ್ಪಿಗೆ ನಿಮ್ಮನ್ನ ಸೋಲಿಸಿಬಿಟ್ಟಿವಿ."

ಪಟೇಲ್ ಸಾಬರು ಜೋರಾಗಿ ನಕ್ಕರು. "ಹ್ವಾದದ್ದು ಹೋತು ತಗೋ. ನೀವು ನನ್ನ ಸೋಲಿಸಿದ್ದಕ್ಕ ಇವ ಬಂದ. ಇವ ಬಂದಿದ್ದಕ್ಕ ಪಟ್ಟಾ ಬಂತು. ಚಲೋ ಕೆಲಸ ಮಾಡೀರಿ. ಮುಂದಿನ ಸಲ ಇವನ್ನೂ ಸೋಲಿಸ್ರಿ, ಇನ್ನೂ ಚಲೋದು ಬರ್ತೈತಿ!"

ಸರ್‌ಗೆ ಕನ್ನಡ ಅರ್ಥವಾಗದೆ ನನ್ನ ಮುಖ ನೋಡಿದರು. ನಾನು ತೆಲುಗಿನಲ್ಲಿ ಹೇಳಿದೆ. ಅವರು ಅಷ್ಟು ಮನಸಾರೆ ನಕ್ಕದ್ದನ್ನು ನಾನು ಆವತ್ತೇ ಕಂಡೆ. ಬಸಮ್ಮ ಮಾತ್ರ ನಗಲಿಲ್ಲ. ಪಟ್ಟಾವನ್ನು ಎದೆಗೆ ಒತ್ತಿ ಹಿಡಿದು, ಒಮ್ಮೆ ಇವರನ್ನು, ಒಮ್ಮೆ ಅವರನ್ನು ನೋಡಿದಳು.

"ಅದನ್ನ ನಾವು ನೋಡ್ಕೋತೀವಿ" ಎಂದಳು. "ನೀವಿಬ್ಬರೂ ಈಗ ಊಟಕ್ಕ ಏಳ್ರಿ."